ಹೋಮ್‌ಸ್ಟೆಡ್ ರಸ್ತೆಯ ಸರ್ಕಾರಿ ಹೈಸ್ಕೂಲು

(ಶಿಕ್ಷಕರು ಮತ್ತು ಪೋಷಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಪದದ ಗೊಂದಲ ಬಿಡಿಸಿಕೊಳ್ಳೋಣ. ನಮ್ಮ ಕಡೆ ‘ಪಬ್ಲಿಕ್ ಸ್ಕೂಲ್’ ಅಂತ ಬೋರ್ಡ್ ಕಂಡರೆ ಅದು ಹೆಚ್ಚಾಗಿ ಖಾಸಗಿ ಶಾಲೆ. ಡೊನೇಷನ್ನು, ಟೈ, ಹಳದಿ ವ್ಯಾನು ಎಲ್ಲಾ ಇರುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಪಬ್ಲಿಕ್ ಸ್ಕೂಲ್ ಅಂದರೆ ಜನರ ತೆರಿಗೆ ದುಡ್ಡಿನಲ್ಲಿ ನಡೆಯುವ ಶಾಲೆ. ಫೀ ಇಲ್ಲ. ಪ್ರವೇಶ ಪರೀಕ್ಷೆ ಇಲ್ಲ. ಆ ದೇಶದ ಹತ್ತು ಮಕ್ಕಳಲ್ಲಿ ಎಂಟಕ್ಕಿಂತ ಜಾಸ್ತಿ ಮಕ್ಕಳು ಓದುವುದು ಇಂಥ ಶಾಲೆಗಳಲ್ಲೇ. ಇವತ್ತು ನಾನು ಮಾತಾಡುವುದು ಅಂಥದ್ದೊಂದು ಶಾಲೆಯ ಬಗ್ಗೆ. ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊದಲ್ಲಿರುವ ಹೋಮ್‌ಸ್ಟೆಡ್ ಹೈಸ್ಕೂಲು.

ನಾನು ಮೂವತ್ತೆರಡು ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ವಿಜ್ಞಾನ ಹೇಳಿಕೊಟ್ಟವನು. ನಿವೃತ್ತಿಯಾದ ಮೇಲೆ ಎರಡು ಸಲ, ಆರಾರು ತಿಂಗಳು, ಮಗಳ ಮನೆಯಲ್ಲಿ ಇದ್ದು ಬಂದೆ. ಮೊಮ್ಮಗಳು ಈ ಶಾಲೆಯಲ್ಲಿ ಓದುತ್ತಿದ್ದಾಳೆ. ಬೆಳಿಗ್ಗೆ ಅವಳ ಜೊತೆ ಗೇಟಿನವರೆಗೆ ನಡೆದು ಹೋಗುವುದು ನನ್ನ ಕೆಲಸವಾಗಿತ್ತು. ಮೇಷ್ಟ್ರ ಕಣ್ಣು, ಎಲ್ಲಿ ಹೋದರೂ ಶಾಲೆಯನ್ನೇ ನೋಡುತ್ತದೆ.

ಆ ಜಾಗ ಮೊದಲು ಹೀಗಿರಲಿಲ್ಲ. ಈಗ ಸಿಲಿಕಾನ್ ವ್ಯಾಲಿ ಅಂತ ಕರೆಯುವ ಸಾಂಟಾ ಕ್ಲಾರಾ ಕಣಿವೆ ಪೂರ್ತಿ ಹಣ್ಣಿನ ತೋಟಗಳಾಗಿತ್ತು. ಏಪ್ರಿಕಾಟ್, ಪ್ಲಮ್, ಚೆರಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಎಲೆಕ್ಟ್ರಾನಿಕ್ಸ್ ಕಂಪನಿಗಳು, ರಕ್ಷಣಾ ಕಂಪನಿಗಳು ಬಂದವು. ಲಾಕ್‌ಹೀಡ್ 1956ರಲ್ಲಿ ಪಕ್ಕದ ಸನ್ನಿವೇಲ್‌ಗೆ ಬಂತು. ಇಂಜಿನಿಯರುಗಳು ಬಂದರು, ಅವರಿಗೆ ಮನೆ ಬೇಕಾಯಿತು, ತೋಟ ಕಡಿದು ಸೈಟು ಮಾಡಿದರು. ಒಂದೇ ಅಂತಸ್ತಿನ ಸಾಲು ಮನೆಗಳು, ಮುಂದೆ ಹುಲ್ಲು, ಪಕ್ಕದಲ್ಲಿ ಗ್ಯಾರೇಜು. ಕ್ಯುಪರ್ಟಿನೊ ಒಂದು ಊರು ಅಂತ ಆಗಿದ್ದೇ 1955ರಲ್ಲಿ. ಮನೆ ಬಂದ ಹಿಂದೆಯೇ ಮಕ್ಕಳು, ಮಕ್ಕಳ ಹಿಂದೆಯೇ ಶಾಲೆ. ಹೋಮ್‌ಸ್ಟೆಡ್ 1962ರಲ್ಲಿ ತೆರೆಯಿತು. ಲಿನ್‌ಬ್ರೂಕ್ 1965ರಲ್ಲಿ, ಮೊಂಟಾ ವಿಸ್ಟಾ 1969ರಲ್ಲಿ. ನಗರದ ಹೊರವಲಯದ ಇಂಥ ಊರುಗಳನ್ನು ಅವರು ಸಬರ್ಬ್ ಅನ್ನುತ್ತಾರೆ. ನಮ್ಮ ಬೆಂಗಳೂರಿನ ಸುತ್ತ ತೋಟ ಹೋಗಿ ಲೇಔಟ್ ಬಂದಿದ್ದನ್ನು ನೋಡಿದವರಿಗೆ ಈ ಕತೆ ಹೊಸದಲ್ಲ. ಆದರೆ ಲೇಔಟಿನ ಜೊತೆಗೆ ಒಂದು ದೊಡ್ಡ ಸರ್ಕಾರಿ ಹೈಸ್ಕೂಲೂ ಎದ್ದು ನಿಂತಿತಲ್ಲ, ನನ್ನನ್ನು ಹಿಡಿದು ನಿಲ್ಲಿಸಿದ್ದು ಅದು.

ಈ ಶಾಲೆಯ ಹೆಸರು ನಿಮಗೆ ಗೊತ್ತಿಲ್ಲದಿದ್ದರೂ ಇಲ್ಲಿ ಓದಿದ ಇಬ್ಬರು ಗೊತ್ತು. ಸ್ಟೀವ್ ವೋಜ್ನಿಯಾಕ್ 1968ರಲ್ಲಿ ಇಲ್ಲಿಂದ ಪಾಸಾದರು. ಸ್ಟೀವ್ ಜಾಬ್ಸ್ 1972ರಲ್ಲಿ. ಆಪಲ್ ಕಂಪನಿ ಕಟ್ಟಿದವರು. ಇವರು ದೊಡ್ಡವರಾದ ಕತೆ ಎಲ್ಲರೂ ಹೇಳುತ್ತಾರೆ. ನನಗೆ ಬೇಕಿರುವುದು ಅದಕ್ಕೂ ಮುಂಚಿನ ಒಂದು ಸಣ್ಣ ಸಂಗತಿ.

ಜಾಬ್ಸ್ ಕುಟುಂಬ ಮೊದಲು ಮೌಂಟನ್ ವ್ಯೂ ಊರಿನಲ್ಲಿತ್ತು. ಅಲ್ಲಿನ ಮಿಡ್ಲ್ ಸ್ಕೂಲಿನಲ್ಲಿ ಹೊಡೆದಾಟ, ಗದ್ದಲ. ಹುಡುಗನಿಗೆ ದಿನಾ ಕಾಟ. ಏಳನೇ ಕ್ಲಾಸಿನ ಮಧ್ಯದಲ್ಲಿ ಅವನು ಇನ್ನು ಆ ಶಾಲೆಗೆ ಹೋಗುವುದೇ ಇಲ್ಲ ಅಂತ ಹಟ ಹಿಡಿದ. ಅಪ್ಪ ಮೆಷಿನ್ ಕೆಲಸದವರು, ಹೈಸ್ಕೂಲು ಮುಗಿಸಿದವರಲ್ಲ. ಅಮ್ಮ ಒಂದು ಕಂಪನಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಶ್ರೀಮಂತರಲ್ಲ. ಇದ್ದಬದ್ದ ದುಡ್ಡೆಲ್ಲ ಒಟ್ಟು ಮಾಡಿ, 21,000 ಡಾಲರ್ ಕೊಟ್ಟು ಲಾಸ್ ಆಲ್ಟೊಸ್‌ನ ಕ್ರಿಸ್ಟ್ ಡ್ರೈವ್ ಅನ್ನುವ ಬೀದಿಯಲ್ಲಿ ಮನೆ ತೆಗೆದುಕೊಂಡರು. ಯಾಕೆ ಆ ಮನೆಯೇ? ಊರು ಲಾಸ್ ಆಲ್ಟೊಸ್ ಆದರೂ ಆ ಮನೆ ಕ್ಯುಪರ್ಟಿನೊ ಶಾಲೆಗಳ ಗಡಿಯ ಒಳಗೆ ಬೀಳುತ್ತಿತ್ತು. ಅಷ್ಟೇ ಕಾರಣ. 1976ರಲ್ಲಿ ಆಪಲ್ ಶುರುವಾಗಿದ್ದು ಆ ಮನೆಯಿಂದ. ಅದರ ಗ್ಯಾರೇಜಿನ ಮುಂದೆ ನಿಂತು ಇವತ್ತಿಗೂ ಜನ ಫೋಟೊ ತೆಗೆಸಿಕೊಳ್ಳುತ್ತಾರೆ. ನಾನೂ ಹೋಗಿ ನಿಂತೆ. ನನಗೆ ಅಲ್ಲಿ ನೆನಪಾಗಿದ್ದು ಮಗನ ಶಾಲೆಗೋಸ್ಕರ ಮನೆ ಬದಲಾಯಿಸಿದ ಆ ಅಪ್ಪ ಅಮ್ಮ.

ಇನ್ನೊಬ್ಬರ ಬಗ್ಗೆಯೂ ಹೇಳಬೇಕು. ಜಾನ್ ಮೆಕಾಲಮ್ ಅಂತ ಒಬ್ಬ ಮೇಷ್ಟ್ರು. ಮೊದಲು ನೌಕಾದಳದಲ್ಲಿ ಪೈಲಟ್ ಆಗಿದ್ದವರು. ಹೋಮ್‌ಸ್ಟೆಡ್‌ನಲ್ಲಿ ಎಲೆಕ್ಟ್ರಾನಿಕ್ಸ್ ಹೇಳಿಕೊಡುತ್ತಿದ್ದರು. ಅವರ ತರಗತಿ ಕ್ಯಾಂಪಸ್ಸಿನ ಅಂಚಿನಲ್ಲಿ, ಕಾರು ನಿಲ್ಲಿಸುವ ಜಾಗದ ಪಕ್ಕ ಒಂದು ಶೆಡ್ಡಿನಂಥ ಕಟ್ಟಡ. ಒಳಗೆ ಬಿಡಿಭಾಗಗಳ ಒಂದು ಕೋಣೆ. ಟ್ರಾನ್ಸಿಸ್ಟರು, ರೆಸಿಸ್ಟರು, ಅದೂ ಇದೂ. ಅದಕ್ಕೆ ಬೀಗ ಇತ್ತು, ಆದರೆ ಆಸಕ್ತಿ ತೋರಿಸಿದ ಮಕ್ಕಳ ಕೈಗೆ ಮೇಷ್ಟ್ರೇ ಕೀ ಕೊಡುತ್ತಿದ್ದರು. ವೋಜ್ನಿಯಾಕ್ ಅವರ ಅಚ್ಚುಮೆಚ್ಚಿನ ಶಿಷ್ಯ. ಈ ಹುಡುಗನಿಗೆ ನನ್ನ ಹತ್ತಿರ ಕಲಿಯುವುದು ಇನ್ನೇನೂ ಉಳಿದಿಲ್ಲ ಅಂತ ಅನ್ನಿಸಿದಾಗ ಮೆಕಾಲಮ್ ಸುಮ್ನೆ ಕೂರಲಿಲ್ಲ. ಹತ್ತಿರದ ಸಿಲ್ವೇನಿಯಾ ಕಂಪನಿಯವರ ಹತ್ತಿರ ಮಾತಾಡಿ, ವಾರಕ್ಕೊಂದು ದಿನ ಹುಡುಗ ಅಲ್ಲಿ ಹೋಗಿ ಕಂಪ್ಯೂಟರ್ ಮೇಲೆ ಪ್ರೋಗ್ರಾಂ ಬರೆಯುವ ಏರ್ಪಾಡು ಮಾಡಿದರು. ಶಾಲೆಗಳಲ್ಲಿ ಕಂಪ್ಯೂಟರ್ ಅನ್ನುವುದೇ ಇಲ್ಲದ ಕಾಲ ಅದು. ಜಾಬ್ಸ್ ಮಾತ್ರ ಇದೇ ಮೇಷ್ಟ್ರ ಜೊತೆ ಹೊಂದಿಕೊಳ್ಳಲಿಲ್ಲ, ಮೂರು ವರ್ಷದ ಕೋರ್ಸನ್ನು ಒಂದೇ ವರ್ಷಕ್ಕೆ ಬಿಟ್ಟರು. ಅದನ್ನೂ ಹೇಳಿಬಿಡಬೇಕು. ಒಬ್ಬ ಮೇಷ್ಟ್ರು ಎಲ್ಲ ಮಕ್ಕಳಿಗೂ ಒಗ್ಗುವುದಿಲ್ಲ.

ಆ ಕೀ ವಿಷಯ ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ, ಹೆಸರು ಬೇಡ, ಪ್ರಯೋಗಾಲಯದ ಬೀರು ಇತ್ತು. ಗಾಜಿನ ಬಾಗಿಲು. ಒಳಗೆ ಬೀಕರು, ಪ್ರಿಸಂ, ಒಂದು ಮೈಕ್ರೋಸ್ಕೋಪು. ಸ್ಟಾಕ್ ರಿಜಿಸ್ಟರಿನಲ್ಲಿ ಎಲ್ಲ ಲೆಕ್ಕ ಸರಿ ಇರಬೇಕು, ಒಂದು ಒಡೆದರೂ ಉತ್ತರ ಹೇಳಬೇಕು. ಅದಕ್ಕೇ ಬೀಗ ತೆಗೆಯುತ್ತಿದ್ದುದು ತಪಾಸಣೆಗೆ ಸಾಹೇಬರು ಬರುವ ಹಿಂದಿನ ದಿನ, ಧೂಳು ಒರೆಸಲು. ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದರು. ಆ ಮೂಗಿನ ಗುರುತುಗಳನ್ನೂ ನಾವೇ ಒರೆಸುತ್ತಿದ್ದೆವು. ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ನಾನು ಯಾವ ಹುಡುಗನಿಗೂ, ಯಾವ ಹುಡುಗಿಗೂ ಅದನ್ನು ಕೊಡಲಿಲ್ಲ. ಇವತ್ತು ನಿಮ್ಮ ಮುಂದೆ ಇದನ್ನು ಹೇಳುವುದು ಸುಲಭವಲ್ಲ, ಆದರೂ ಹೇಳಬೇಕು ಅನ್ನಿಸಿತು.

ಈಗ ದುಡ್ಡಿನ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಲೆಕ್ಕ ಇದೆ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.

ನಮ್ಮಲ್ಲಿ ಸರ್ಕಾರಿ ಶಾಲೆ ಅಂದರೆ ರಾಜ್ಯ ಸರ್ಕಾರದ ಇಲಾಖೆ. ಅಲ್ಲಿ ‘ಸ್ಕೂಲ್ ಡಿಸ್ಟ್ರಿಕ್ಟ್’ ಅಂತ ಇರುತ್ತದೆ. ನಮ್ಮ ಜಿಲ್ಲೆಯ ಹಾಗಲ್ಲ. ಕೆಲವೇ ಶಾಲೆಗಳನ್ನು ನೋಡಿಕೊಳ್ಳುವ ಸಣ್ಣ ಸ್ಥಳೀಯ ಸರ್ಕಾರ ಅಂದುಕೊಳ್ಳಿ. ಹೋಮ್‌ಸ್ಟೆಡ್ ಇರುವುದು ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ. ಕನ್ನಡಿಗರು ಜಾಸ್ತಿ ಇರುವ ಫ್ರೀಮಾಂಟ್ ಊರಿಗೂ ಇದಕ್ಕೂ ಸಂಬಂಧವಿಲ್ಲ. ಸನ್ನಿವೇಲ್‌ನಲ್ಲಿರುವ ಫ್ರೀಮಾಂಟ್ ಅನ್ನುವ ಹಳೇ ಹೈಸ್ಕೂಲಿನಿಂದ ಬಂದ ಹೆಸರು. ಇದರ ಕೈಕೆಳಗೆ ಐದು ಹೈಸ್ಕೂಲು. ನಡೆಸುವುದು ಐದು ಜನರ ಮಂಡಳಿ. ಅವರನ್ನು ಊರಿನವರು ವೋಟು ಹಾಕಿ ಆರಿಸುತ್ತಾರೆ. ಮಕ್ಕಳಿಲ್ಲದವರೂ ವೋಟು ಹಾಕುತ್ತಾರೆ.

ದುಡ್ಡು ಎಲ್ಲಿಂದ? ಕೇಂದ್ರ ಸರ್ಕಾರದ ಪಾಲು ಬಹಳ ಕಡಿಮೆ, ಹತ್ತರಲ್ಲಿ ಒಂದರ ಹತ್ತಿರ. ಉಳಿದದ್ದು ರಾಜ್ಯದಿಂದ ಮತ್ತು ಊರಿನ ಮನೆ ಕಂದಾಯದಿಂದ. ತೊಡಕು ಶುರುವಾಗುವುದೇ ಮನೆ ಕಂದಾಯದಲ್ಲಿ. ಬೆಲೆಬಾಳುವ ಮನೆಗಳಿರುವ ಊರಿನ ಶಾಲೆಗೆ ದುಡ್ಡು ಜಾಸ್ತಿ, ಬಡ ಊರಿನ ಶಾಲೆಗೆ ಕಡಿಮೆ. ಜಾನ್ ಸೆರಾನೊ ಅನ್ನುವ ಒಬ್ಬ ಅಪ್ಪ ಈ ಅನ್ಯಾಯದ ವಿರುದ್ಧ ಕೋರ್ಟಿಗೆ ಹೋದರು. 1971ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದರಲ್ಲಿರುವ ಅಂಕಿ ಕೇಳಿ. ಲಾಸ್ ಏಂಜಲೀಸ್ ಹತ್ತಿರದ ಬಡ ಊರು ಬಾಲ್ಡ್‌ವಿನ್ ಪಾರ್ಕ್‌ನಲ್ಲಿ ಒಂದು ಮಗುವಿಗೆ ವರ್ಷಕ್ಕೆ 577 ಡಾಲರ್ ಖರ್ಚಾಗುತ್ತಿತ್ತು. ಸಿನಿಮಾದವರ ಊರು ಬೆವರ್ಲಿ ಹಿಲ್ಸ್‌ನಲ್ಲಿ 1,232 ಡಾಲರ್. ಇಷ್ಟೇ ಆಗಿದ್ದರೆ ಬೇರೆ ಮಾತು. ಶಾಲಾ ತೆರಿಗೆಯ ದರ ಬಡವರ ಊರಿನಲ್ಲೇ ಎರಡು ಪಟ್ಟಿಗಿಂತ ಜಾಸ್ತಿ ಇತ್ತು! ಜಾಸ್ತಿ ದರದಲ್ಲಿ ಕಟ್ಟಿಯೂ ಅರ್ಧ ದುಡ್ಡು. ಇದು ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದು ಕೋರ್ಟ್ ಹೇಳಿತು. ಆಮೇಲೆ ರಾಜ್ಯವೇ ಮಧ್ಯೆ ಬಂದು, ಪ್ರತಿ ಮಗುವಿಗೂ ಇಷ್ಟು ಅಂತ ಗೊತ್ತು ಮಾಡಿ, ಕಡಿಮೆ ಬಿದ್ದ ಕಡೆ ತುಂಬಿಕೊಡುವ ಪದ್ಧತಿ ಬಂತು. ಆದರೆ ಊರಿನ ಕಂದಾಯವೇ ಆ ಮಟ್ಟ ದಾಟಿದರೆ, ಮೇಲಿನ ದುಡ್ಡು ಊರಿನ ಶಾಲೆಗೇ ಉಳಿಯುತ್ತದೆ. ಹೋಮ್‌ಸ್ಟೆಡ್ ಇರುವ ಡಿಸ್ಟ್ರಿಕ್ಟು ಹಾಗೆ ಮಟ್ಟ ದಾಟಿದ್ದು.

ಇನ್ನೊಂದು ತಿರುವು 1978ರಲ್ಲಿ. ಪ್ರೊಪೊಸಿಷನ್ 13 ಅನ್ನುವ ಕಾನೂನನ್ನು ಜನ ವೋಟು ಹಾಕಿ ತಂದರು. ಮನೆ ತೆರಿಗೆಯ ಮೂಲ ದರ ಶೇಕಡಾ 1 ದಾಟಬಾರದು. ತೆರಿಗೆ ಲೆಕ್ಕಕ್ಕೆ ಹಿಡಿಯುವ ಮನೆ ಬೆಲೆ, ಮನೆ ಮಾರುವ ತನಕ, ವರ್ಷಕ್ಕೆ ಶೇಕಡಾ 2ಕ್ಕಿಂತ ಜಾಸ್ತಿ ಏರಬಾರದು. ಆ ವರ್ಷ ಒಂದು ಲಕ್ಷ ಡಾಲರಿಗೆ ಮನೆ ಕೊಂಡ ಅಜ್ಜಿಯೊಬ್ಬರು ಇವತ್ತಿಗೆ ಕಟ್ಟುವುದು ಸುಮಾರು ಎರಡೂವರೆ ಸಾವಿರ ಡಾಲರ್. ಪಕ್ಕದ ಅಂಥದೇ ಮನೆಯನ್ನು ಈಗ ಇಪ್ಪತ್ತು ಲಕ್ಷ ಡಾಲರಿಗೆ ಕೊಂಡ ಹುಡುಗ ಕಟ್ಟುವುದು ಇಪ್ಪತ್ತು ಸಾವಿರ. ಗೋಡೆ ಒಂದೇ, ಬೀದಿ ಒಂದೇ. ಇಪ್ಪತ್ತು ಲಕ್ಷ ಡಾಲರ್ ಅಂದರೆ ಹದಿನಾರು ಕೋಟಿ ರೂಪಾಯಿಗೂ ಮೇಲೆ. ಕ್ಯುಪರ್ಟಿನೊದಲ್ಲಿ ಸಾಧಾರಣ ಮನೆಯ ಬೆಲೆಯೂ ಅದಕ್ಕಿಂತ ಜಾಸ್ತಿ ಆಗಿದೆ.

ಇದು ಸಾಲದೆ ಹೋದಾಗ ಡಿಸ್ಟ್ರಿಕ್ಟಿನವರು ಊರಿನವರ ಮುಂದೆ ಕೈ ಒಡ್ಡುತ್ತಾರೆ. ಒಂದು ಜಾಗಕ್ಕೆ ಇಷ್ಟು ಅಂತ ‘ಪಾರ್ಸೆಲ್ ತೆರಿಗೆ’. ಇಲ್ಲಿ ಅದು ವರ್ಷಕ್ಕೆ 98 ಡಾಲರ್. ಮೂರರಲ್ಲಿ ಎರಡು ಪಾಲು ವೋಟು ಬಿದ್ದರೆ ಮಾತ್ರ ಪಾಸು. 65 ದಾಟಿದವರು ಅರ್ಜಿ ಕೊಟ್ಟರೆ ವಿನಾಯಿತಿ ಇದೆ. ಮಗಳ ಮನೆಯ ಎದುರು ಎಂಬತ್ತರ ಆಸುಪಾಸಿನ ಒಬ್ಬ ಅಮ್ಮ ಇದ್ದರು. ವಾಕಿಂಗ್ ಹೋಗುವಾಗ ಪರಿಚಯ. ಅವರು ಅರ್ಜಿ ಕೊಟ್ಟಿರಲಿಲ್ಲ. ಯಾಕಮ್ಮ ಅಂತ ಮಗಳ ಮೂಲಕ ಕೇಳಿದೆ. “ನನ್ನ ನಾಲ್ಕು ಮಕ್ಕಳು ಓದುವಾಗ ಬೇರೆ ಯಾರೋ ಕಟ್ಟಿದ್ದರಲ್ಲ” ಅಂದರು. ಮತ್ತೆ ಗಿಡಕ್ಕೆ ನೀರು ಹಾಕತೊಡಗಿದರು.

ಶಾಲೆಯ ಒಳಗೆ ಹೋಗೋಣ ಬನ್ನಿ. ಅಲ್ಲಿ ಹೈಸ್ಕೂಲು ಅಂದರೆ ಒಂಬತ್ತರಿಂದ ಹನ್ನೆರಡು, ನಮ್ಮ ಪಿಯುಸಿ ಸೇರಿದ ಹಾಗೆ. ಎರಡು ಸಾವಿರಕ್ಕೂ ಮಿಕ್ಕಿ ಮಕ್ಕಳು. ಮಕ್ಕಳಿಗೆ ಒಂದೇ ಕ್ಲಾಸ್‌ರೂಮು ಅಂತ ಇಲ್ಲ. ಬೆಲ್ಲು ಹೊಡೆದರೆ ಮೇಷ್ಟ್ರು ಇದ್ದಲ್ಲೇ ಇರುತ್ತಾರೆ, ಮಕ್ಕಳೇ ಎದ್ದು ಹೋಗುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಟೈಂ ಟೇಬಲ್ಲು. ಗಣಿತದಲ್ಲಿ ಮುಂದಿರುವ ಹುಡುಗಿ ದೊಡ್ಡ ಕ್ಲಾಸಿನವರ ಜೊತೆ ಗಣಿತಕ್ಕೆ ಕೂತು, ತನ್ನ ವಯಸ್ಸಿನವರ ಜೊತೆ ಇತಿಹಾಸಕ್ಕೆ ಕೂರಬಹುದು. ಬ್ಯಾಂಡ್ ಬಾರಿಸುವುದಕ್ಕೂ ಒಂದು ಪಿರಿಯಡ್ಡು, ಅದಕ್ಕೂ ಅಂಕ. 2022ರಿಂದ ರಾಜ್ಯದ ಕಾನೂನೇ ಇದೆ: ಹೈಸ್ಕೂಲು ಬೆಳಿಗ್ಗೆ ಎಂಟೂವರೆಗೆ ಮುಂಚೆ ಶುರು ಮಾಡುವ ಹಾಗಿಲ್ಲ. ಹದಿಹರೆಯದ ಮಕ್ಕಳಿಗೆ ಬೆಳಗಿನ ನಿದ್ದೆ ಬೇಕು ಅಂತ ವೈದ್ಯರು ಹೇಳಿದ್ದನ್ನು ಒಪ್ಪಿ ಮಾಡಿದ್ದು. ಅದೇ ವರ್ಷದಿಂದ ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಲ್ಲಿ ಕೇಳಿದ ಪ್ರತಿ ಮಗುವಿಗೂ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಉಚಿತ. ನಮ್ಮ ಬಿಸಿಯೂಟ ಅದಕ್ಕಿಂತ ಇಪ್ಪತ್ತು ವರ್ಷ ಮೊದಲೇ ಬಂತು, ಈ ಮಾತು ಹೇಳುವಾಗ ನನಗೆ ಹೆಮ್ಮೆ. ಅಂಗವಿಕಲ ಮಕ್ಕಳಿಗೆ 1975ರ ಕೇಂದ್ರ ಕಾನೂನಿನ ಪ್ರಕಾರ ಒಬ್ಬೊಬ್ಬರಿಗೂ ಬೇರೆಯದೇ ಕಲಿಕೆಯ ಯೋಜನೆ ಬರೆಯಬೇಕು. ಅಪ್ಪ ಅಮ್ಮ ಕೂತು ಸಹಿ ಹಾಕಬೇಕು.

ಒಂದು ಸಂಜೆ ಮಾತ್ರ ವಿವರವಾಗಿ ಹೇಳಬೇಕು. ಶಾಲೆ ಶುರುವಾದ ಕೆಲ ದಿನಕ್ಕೆ ‘ಬ್ಯಾಕ್ ಟು ಸ್ಕೂಲ್ ನೈಟ್’ ಅಂತ ಮಾಡುತ್ತಾರೆ. ಅವತ್ತು ಪೋಷಕರೇ ವಿದ್ಯಾರ್ಥಿಗಳು. ಮಗುವಿನ ಟೈಂ ಟೇಬಲ್ಲು ಕೈಯಲ್ಲಿ ಹಿಡಿದು, ಅದೇ ಕ್ರಮದಲ್ಲಿ ಒಂದೊಂದು ರೂಮಿಗೂ ಹೋಗಬೇಕು. ಹತ್ತು ನಿಮಿಷ ಪಾಠ, ಬೆಲ್ಲು, ಮುಂದಿನ ರೂಮು. ಅಳಿಯ ಊರಲ್ಲಿರಲಿಲ್ಲ. “ಅಪ್ಪಾ, ನೀವೇ ಬನ್ನಿ” ಅಂತ ಮಗಳು ಕರೆದುಕೊಂಡು ಹೋದಳು. ಕೆಮಿಸ್ಟ್ರಿ ರೂಮಿನಲ್ಲಿ ಮೊಮ್ಮಗಳ ಜಾಗದಲ್ಲಿ ನಾನು ಕೂತೆ. ಮೇಜಿನ ಮೇಲೆ ಪೆನ್ಸಿಲಿನಲ್ಲಿ ಯಾರೋ ಬೆಂಜೀನ್ ಉಂಗುರ ಬರೆದಿದ್ದರು. ನನ್ನ ಎಡಗಡೆ ಸೊಂಟದಲ್ಲಿ ಕಂಪನಿ ಬ್ಯಾಡ್ಜು ನೇತುಹಾಕಿಕೊಂಡ ಒಬ್ಬ ಇಂಜಿನಿಯರು. ಬಲಗಡೆ ಅಡುಗೆ ಕೆಲಸದ ಬಿಳಿ ಕೋಟಿನಲ್ಲೇ ಬಂದಿದ್ದ ಒಬ್ಬರು, ಅಂಗೈ ಮೇಲೆ ಸುಟ್ಟ ಕಲೆ. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅವರ ಮಗಳು ಪಕ್ಕದಲ್ಲಿ ನಿಂತು ಟೀಚರ್ ಹೇಳಿದ್ದನ್ನೆಲ್ಲ ಮೆಲ್ಲಗೆ ಸ್ಪ್ಯಾನಿಷ್‌ನಲ್ಲಿ ಹೇಳುತ್ತಿದ್ದಳು. ಅವರು ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಒಂದೊಂದೂ ಬರೆದುಕೊಂಡರು. ಇಂಜಿನಿಯರು ಒಂದು ಪ್ರಶ್ನೆ ಕೇಳಿದರು: ಲ್ಯಾಬಿನ ಒಂದು ಮೇಜಿಗೆ ನಾಲ್ಕು ಮಕ್ಕಳಾದರೆ ಹೇಗೆ, ಇಬ್ಬರೇ ಇದ್ದರೆ ಒಳ್ಳೆಯದಲ್ವಾ? ಟೀಚರ್ ಬರೆದುಕೊಂಡರು. ತಿಂಗಳ ಒಳಗೆ ಇನ್ನೂ ಎರಡು ಮೇಜು ಬಂದವು ಅಂತ ಮೊಮ್ಮಗಳು ಹೇಳಿದಳು.

ನನ್ನ ಇಡೀ ಮಾತಿನ ತಿರುಳು ಆ ರೂಮಿನಲ್ಲಿದೆ. ಆ ಮೇಜು ಬಂದಿದ್ದು ಇಂಜಿನಿಯರು ಕೇಳಿದ್ದಕ್ಕೆ. ಆದರೆ ಅದರ ಮೇಲೆ ಅಡುಗೆಯವರ ಮಗಳೂ ಪ್ರಯೋಗ ಮಾಡುತ್ತಾಳೆ. ಬಾಯಿ ಇರುವವರು, ಕೇಳಿ ಗಿಟ್ಟಿಸಿಕೊಳ್ಳುವ ಶಕ್ತಿ ಇರುವವರು ತಮ್ಮ ಮಕ್ಕಳನ್ನು ಅದೇ ಶಾಲೆಯಲ್ಲಿ ಬಿಟ್ಟಿದ್ದಾರೆ. ನಮ್ಮಲ್ಲಿ ಏನಾಯಿತು? ಡಾಕ್ಟರು, ವಕೀಲರು, ತಹಶೀಲ್ದಾರರು, ಕೊನೆಗೆ ನಾವು ಮೇಷ್ಟ್ರುಗಳೇ ನಮ್ಮ ಮಕ್ಕಳನ್ನು ಸರ್ಕಾರಿ ಶಾಲೆಯಿಂದ ಬಿಡಿಸಿಕೊಂಡು ಹೋದೆವು. ಉಳಿದವರು ಕೇಳಲು ಹೆದರುವವರು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಕೂಲಿ ಬಿಟ್ಟು ಬಂದ ತಾಯಿ ಬಾಗಿಲ ಹತ್ತಿರ ನಿಂತೇ ಹೆಬ್ಬೆಟ್ಟು ಒತ್ತಿ ಹೋಗಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅವರ ಪಕ್ಕದಲ್ಲಿ ಕೂತು ಮಾತಾಡುವವರು ಯಾರೂ ಇರಲಿಲ್ಲ.

ಹಾಗಂತ ಅಲ್ಲಿ ಎಲ್ಲ ಸರಿ ಇದೆ ಅಂತ ನಾನು ಹೇಳುವುದಿಲ್ಲ. ಫೀ ಇಲ್ಲದ ಶಾಲೆಯ ಫೀ ಮನೆ ಬಾಡಿಗೆಯಲ್ಲಿದೆ. ಶಾಲೆಗೆ ಸೇರಿಸಲು ಮಾರ್ಕ್ಸ್ ಕಾರ್ಡ್ ಬೇಡ, ವಿಳಾಸದ ದಾಖಲೆ ಬೇಕು. ಬಾಡಿಗೆ ಕರಾರು, ಕರೆಂಟ್ ಬಿಲ್ಲು. ಸುಳ್ಳು ವಿಳಾಸ ಅನ್ನುವ ಅನುಮಾನ ಬಂದರೆ ಮನೆಗೇ ಬಂದು ನೋಡುವ ಪದ್ಧತಿ ಆ ಕಡೆಯ ಶಾಲಾ ಡಿಸ್ಟ್ರಿಕ್ಟುಗಳಲ್ಲಿದೆ. ಗಡಿ ಒಂದು ಬೀದಿಯ ಮಧ್ಯೆ ಹಾದುಹೋಗುತ್ತದೆ. ಈ ಬದಿಯ ಮಕ್ಕಳು ಒಂದು ಶಾಲೆ, ಆ ಬದಿಯವರು ಇನ್ನೊಂದು. ಅದೊಂದೇ ಕಾರಣಕ್ಕೆ ಮನೆಗಳ ಬೆಲೆಯಲ್ಲೂ ವ್ಯತ್ಯಾಸ. ಒಂದು ಬೆಡ್‌ರೂಮಿನ ಮನೆಯಲ್ಲಿ ನಾಲ್ಕೈದು ಜನ ಇಕ್ಕಟ್ಟಿನಲ್ಲಿ ಇದ್ದು ಮಕ್ಕಳನ್ನು ಓದಿಸುವವರನ್ನು ಕಂಡೆ. ಅವರ ಹಟಕ್ಕೆ ಕೈ ಮುಗಿಯಬೇಕು. ಆದರೆ ಹಟ ಮಾಡಲೂ ಆಗದವರು ಗಡಿಯ ಆಚೆ ಇದ್ದಾರೆ, ಬಹಳ ಜನ.

ಇನ್ನೊಂದು, ಪೈಪೋಟಿ. ಏಷ್ಯಾದಿಂದ ಹೋದ ನಮ್ಮಂಥ ಕುಟುಂಬಗಳು ಅಲ್ಲಿ ತುಂಬಿದ್ದಾರೆ. 2005ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಇದೇ ಡಿಸ್ಟ್ರಿಕ್ಟಿನ ಲಿನ್‌ಬ್ರೂಕ್, ಮೊಂಟಾ ವಿಸ್ಟಾ ಶಾಲೆಗಳ ಬಗ್ಗೆ ವರದಿ ಮಾಡಿತ್ತು. ಓದಿನ ಒತ್ತಡ ಜಾಸ್ತಿ ಆಯಿತು ಅಂತ ಬಿಳಿಯರ ಕುಟುಂಬಗಳು ಬೇರೆ ಕಡೆ ಹೋಗುತ್ತಿವೆ ಅಂತ. ಪಕ್ಕದ ಪಾಲೊ ಆಲ್ಟೊದಲ್ಲಿ ಹೈಸ್ಕೂಲು ಮಕ್ಕಳು ಒಬ್ಬರ ಹಿಂದೆ ಒಬ್ಬರು ಜೀವ ಕಳೆದುಕೊಂಡಾಗ, 2016ರಲ್ಲಿ ಕೇಂದ್ರದ ಆರೋಗ್ಯ ಸಂಸ್ಥೆ ಸಿಡಿಸಿಯವರೇ ಬಂದು ಕಾರಣ ಹುಡುಕಬೇಕಾಯಿತು. ಒಂದು ರಾತ್ರಿ ಹನ್ನೆರಡೂವರೆಗೆ ನೀರು ಕುಡಿಯಲು ಎದ್ದೆ. ಮೊಮ್ಮಗಳು ಅಡುಗೆಮನೆಯ ದೀಪದಲ್ಲಿ ಕೂತು ಬರೆಯುತ್ತಿದ್ದಳು. “ಮಲಕ್ಕೋ ಪುಟ್ಟಿ” ಅಂದೆ. “ಎಲ್ಲರೂ ಎದ್ದಿರ್ತಾರೆ ತಾತ” ಅಂದಳು. ಫೋನ್ ತೋರಿಸಿದಳು. ಗೆಳತಿಯರ ಹೆಸರಿನ ಮುಂದೆಲ್ಲ ಹಸಿರು ಚುಕ್ಕೆ. ಈ ಒತ್ತಡ ತಂದಿದ್ದು ಶಾಲೆಯಲ್ಲ. ನಾವು, ಊರಿಂದ ಹೊತ್ತುಕೊಂಡು ಹೋಗಿದ್ದು.

ಹಾಗೆ ಹೊತ್ತುಕೊಂಡು ಹೋಗಿದ್ದರಲ್ಲಿ ಒಳ್ಳೆಯದೂ ಇದೆ. ಇಂಗ್ಲಿಷ್ ಜೊತೆ ಇನ್ನೊಂದು ಭಾಷೆಯನ್ನು ಚೆನ್ನಾಗಿ ಬಲ್ಲ ಮಕ್ಕಳ ಡಿಪ್ಲೊಮಾ ಮೇಲೆ ಸರ್ಕಾರದ ಮುದ್ರೆ ಹಾಕುವ ಕಾನೂನನ್ನು ಕ್ಯಾಲಿಫೋರ್ನಿಯಾ 2011ರಲ್ಲಿ ಮಾಡಿತು. ಆ ದೇಶದಲ್ಲಿ ಅದೇ ಮೊದಲು. ಇಂಥದೇ ಭಾಷೆ ಅಂತ ಕಟ್ಟುಪಾಡಿಲ್ಲ. ತಕ್ಕ ಪರೀಕ್ಷೆ ಇದ್ದರೆ ಕನ್ನಡಕ್ಕೂ ಆ ಮುದ್ರೆ ಸಿಗಬಹುದು. ಮೊಮ್ಮಗಳು ಭಾನುವಾರ ಕನ್ನಡ ತರಗತಿಗೆ ಹೋಗುತ್ತಾಳೆ. ಒತ್ತಕ್ಷರ ಈಗ ತಪ್ಪುವುದಿಲ್ಲ.

ಕೊನೆಯದಾಗಿ, ಮನೆ ಬೆಲೆ ಏರಿ ಏರಿ ಏನಾಯಿತು ಅಂತ ಹೇಳಬೇಕು. ಚಿಕ್ಕ ಮಕ್ಕಳಿರುವ ಕುಟುಂಬಗಳಿಗೆ ಆ ಊರಿಗೆ ಬರುವುದೇ ಆಗುತ್ತಿಲ್ಲ. ಮಕ್ಕಳ ಸಂಖ್ಯೆ ಇಳಿಯುತ್ತಿದೆ. 2022ರಲ್ಲಿ ಕ್ಯುಪರ್ಟಿನೊದ ಪ್ರಾಥಮಿಕ ಶಾಲೆಗಳ ಡಿಸ್ಟ್ರಿಕ್ಟು ಕೆಲವು ಶಾಲೆಗಳಿಗೆ ಬೀಗ ಹಾಕಿತು. ಒಳ್ಳೆಯ ಶಾಲೆ ಅಂತ ಮನೆ ಬೆಲೆ ಏರಿತು, ಬೆಲೆ ಏರಿದ್ದಕ್ಕೆ ಶಾಲೆಗೆ ಮಕ್ಕಳಿಲ್ಲ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಯುವ ಶಿಕ್ಷಕಿ ಎದ್ದು ಕೇಳಿದರು: “ಸರ್, ಇಷ್ಟು ದುಬಾರಿ ಊರಲ್ಲಿ ಮೇಷ್ಟ್ರುಗಳು ಎಲ್ಲಿರುತ್ತಾರೆ?” ಅವತ್ತು ಅವಸರದಲ್ಲಿ ಅರ್ಧ ಉತ್ತರ ಕೊಟ್ಟೆ. ಪೂರ್ತಿ ಇಲ್ಲಿ ಬರೆಯುತ್ತೇನೆ.

ಬಹಳ ಜನ ಆ ಊರಿನಲ್ಲಿ ಇರಲು ಆಗುವುದಿಲ್ಲ. ನನಗೆ ಪರಿಚಯವಾದ ಒಬ್ಬ ಟೀಚರ್ ಇರುವುದು ಟ್ರೇಸಿಯಲ್ಲಿ, ಬೆಟ್ಟದ ಸಾಲಿನ ಆಚೆ. ಬೆಳಿಗ್ಗೆ ಐದೂಮುಕ್ಕಾಲಿಗೆ ಮನೆ ಬಿಡುತ್ತಾರೆ, ಟ್ರಾಫಿಕ್ ಇದ್ದರೆ ಎರಡು ಗಂಟೆ ದಾರಿ. ಕಾರಿನಲ್ಲೇ ಕಾಫಿ. ಸಂಜೆ ಲ್ಯಾಬ್ ತೊಳೆದಿಟ್ಟು ಹೊರಡುವಾಗ ಆರು ಗಂಟೆ. ಅವರಿಗೆ ಇಬ್ಬರು ಮಕ್ಕಳು. ಅಷ್ಟು ಹೊತ್ತಿಗೆ ಮಕ್ಕಳನ್ನು ಎಬ್ಬಿಸಿ ಅಷ್ಟು ದೂರ ಕರೆತರಲು ಆಗುವುದಿಲ್ಲ. ಆ ಮಕ್ಕಳು ಓದುವುದು ಟ್ರೇಸಿಯಲ್ಲೇ.